ಮಾತು ಬರದವಳು ಅಧ್ಯಕ್ಷೆ ಆಗಬಾರದಾ?

ತಂಗೀ, ನಿನ್ನ ಪತ್ರ ಎರಡು ಸಲ ಓದ್ದೆ. ಲೆಕ್ಕ ಚೆನ್ನಾಗಿ ಬರುತ್ತೆ ಅಂತ ಊರಿನ ಮಹಿಳಾ ಸ್ವಸಹಾಯ ಸಂಘಕ್ಕೆ ನಿನ್ನನ್ನ ಅಧ್ಯಕ್ಷೆ ಮಾಡಿದಾರೆ, ಆದ್ರೆ ಮೀಟಿಂಗಲ್ಲಿ ಎದ್ದು ನಿಂತ್ರೆ ಗಂಟಲು ಕಟ್ಟುತ್ತೆ, ಮೂರು ತಿಂಗಳಿಂದ ಸಾಲದ ಕಂತು ಕಟ್ಟದ ಇಬ್ಬರನ್ನ ಕೇಳೋಕೂ ಆಗ್ತಿಲ್ಲ, ಧೈರ್ಯ ಬರ್ಲಿ ಅಂತ ಲೈಬ್ರರಿಯಿಂದ ದೊಡ್ಡೋರ ಆತ್ಮಕಥೆ ತಂದು ಓದಿದ್ರೆ ಇನ್ನೂ ಕುಗ್ಗಿಹೋಗ್ತೀನಿ, ಜೋರಾಗಿ ಮಾತಾಡೋ ಇನ್ನೊಬ್ಬ ಅಕ್ಕಂಗೆ ಬಿಟ್ಟುಕೊಡ್ಲಾ ಅಂತ ಕೇಳಿದೀಯ.

ಈಗಲೇ ಬಿಡಬೇಡ. ಓದೋದನ್ನೂ ನಿಲ್ಲಿಸಬೇಡ. ಆದ್ರೆ ಆತ್ಮಕಥೆ ಕೈಗೆ ತಗೊಂಡ್ರೆ ನಾವೆಲ್ಲ ಅವರು ಗೆದ್ದ ಜಾಗ ಹುಡುಕ್ತೀವಿ, ತಡವರಿಸಿದ ಪುಟಗಳನ್ನ ಬೇಗ ಬೇಗ ತಿರುವಿಬಿಡ್ತೀವಿ. ನೀನು ಅದೇ ಪುಟದಲ್ಲಿ ಕೂತ್ಕೋ.

ಗಾಂಧೀಜಿ ಆತ್ಮಕಥೆ ಓದ್ತಿದೀನಿ ಅಂದ್ಯಲ್ಲ, ಅದ್ರಲ್ಲೇ ನೋಡು. ಲಂಡನ್ನಲ್ಲಿ ಓದೋವಾಗ ಸಸ್ಯಾಹಾರಿಗಳ ಸಂಘದ ಕಮಿಟಿಲಿದ್ರು, ಒಬ್ಬ ಸದಸ್ಯರನ್ನ ತೆಗೆಯೋದು ತಪ್ಪು ಅಂತ ಅವರಿಗೆ ಅನ್ನಿಸ್ತು, ಬರ್ಕೊಂಡೂ ಹೋದ್ರು, ಆದ್ರೆ ಓದೋಕೆ ಬಾಯಿ ಬರ್ಲಿಲ್ಲ, ಬೇರೆಯವರು ಓದಿದ್ರು, ಅವರ ಪಕ್ಷ ಸೋತೂ ಹೋಯ್ತು. 1891ರಲ್ಲಿ ಬ್ಯಾರಿಸ್ಟರಾಗಿ ಬಂದಮೇಲೆ ಬೊಂಬಾಯಿ ಕೋರ್ಟಲ್ಲಿ ಮೊದಲ ಕೇಸು, ಫೀಸು 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತ್ರೆ ತಲೆ ಗಿರ್ರಂತು, ಒಂದು ಪ್ರಶ್ನೆನೂ ಹೊಳೀಲಿಲ್ಲ, ಕೂತ್ಬಿಟ್ರು, ಬೇರೆ ವಕೀಲರನ್ನ ಮಾಡ್ಕೊಳ್ಳಿ ಅಂತ ಹೇಳಿ ಹೊರಟ್ರು.

ನಂಗೆ ಎಲ್ಲಕ್ಕಿಂತ ಇಷ್ಟ ಆಗೋದು 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ಊರಲ್ಲಿ ನಡೆದದ್ದು. ಅಲ್ಲಿನ ಭಾರತೀಯರನ್ನ ಸೇರಿಸಿ ಮಾತಾಡಿ, ಇಂಗ್ಲಿಷ್ ಕಲಿಸ್ತೀನಿ ಬನ್ನಿ ಅಂದ್ರು. ಒಪ್ಪಿದ್ದು ಮೂರೇ ಜನ: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಚಿಲ್ಲರೆ ಅಂಗಡಿಯವ, ಅದೂ ನೀವೇ ನಮ್ಮಲ್ಲಿಗೆ ಬರೋದಾದ್ರೆ ಅಂತ. ಇವರು ಹೋದ್ರೆ ಕೆಲವು ಸಲ ಅವರು ಕೆಲಸದಲ್ಲಿರೋರು, ಇವರು ಬೇಜಾರು ಮಾಡ್ಕೊಳ್ತಿರಲಿಲ್ಲ. ಮುಂದೆ ಲಕ್ಷಾಂತರ ಜನ ಹಿಂದೆ ಬಂದ ಮನುಷ್ಯ ತಂಗೀ, ಶುರು ಮಾಡಿದ್ದು ಹೀಗೆ ಮೂರು ಜನರ ಬಾಗಿಲಿಗೆ ನಡ್ಕೊಂಡು ಹೋಗಿ.

ಅದಕ್ಕೇ ಹೇಳ್ತಿದೀನಿ, ಕಂತು ಕಟ್ಟದ ಇಬ್ಬರನ್ನ ಮೀಟಿಂಗಲ್ಲಿ ಎಲ್ಲರೆದುರು ಕೇಳೋಕೆ ಹೋಗಬೇಡ, ಅವರ ಮನೆಗೆ ಹೋಗು. ಆಸ್ಪತ್ರೆ ಖರ್ಚೋ, ಮಗಳ ಫೀಸೋ, ಕೇಳದೆ ಗೊತ್ತಾಗಲ್ಲ. ಈ ತಿಂಗಳು ಎಷ್ಟು ಆಗುತ್ತೆ ಅಂತ ಕೇಳು, ನೂರು ಅಂದ್ರೆ ನೂರು, ಅವರೆದುರೇ ಬರ್ಕೋ. ಮೀಟಿಂಗಲ್ಲಿ ಹೇಳಬೇಕಾದ್ದನ್ನ ಹಾಳೆಲಿ ಬರ್ದು ಆ ಜೋರು ದನಿ ಅಕ್ಕಂಗೇ ಓದೋಕೆ ಕೊಡು, ಅವರಿಗೂ ಖುಷಿ ಆಗುತ್ತೆ, ಅದ್ರಲ್ಲಿ ನಾಚಿಕೆ ಏನೂ ಇಲ್ಲ. ಆರು ತಿಂಗಳಾದ್ಮೇಲೂ ನಿದ್ದೆ ಬರ್ತಿಲ್ಲ ಅಂದ್ರೆ ಆಗ ಬಿಡೋ ಮಾತು ಯೋಚಿಸೋಣ, ಅದೂ ತಪ್ಪಲ್ಲ.

ಮುಂದಿನ ಮೀಟಿಂಗ್ ಮಂಗಳವಾರ ಅಂದಿದೀಯ. ಅಷ್ಟರೊಳಗೆ ಆ ಇಬ್ಬರ ಮನೇಲೂ ಒಂದೊಂದು ಲೋಟ ಕಾಫಿ ಕುಡಿದು ಬಾ, ಏನಂದ್ರು ಅಂತ ನಂಗೆ ಬರಿ.