ಮೂಲ್ಕಿ, ಸಾಲಿಗ್ರಾಮದಂಥ ಸಣ್ಣ ಊರುಗಳು ಕಸ, ನೀರಿನ ಕೆಲಸವನ್ನು ಒಟ್ಟಾಗಿ ಮಾಡಬಹುದೇ?

ಮಾಡಬಹುದು, ನಮ್ಮಲ್ಲಿ ಸ್ವಲ್ಪಮಟ್ಟಿಗೆ ನಡೆಯುತ್ತಲೂ ಇದೆ. ಕಾರ್ಕಳ ತಾಲೂಕಿನ ನಿಟ್ಟೆಯ ಎಂಆರ್‌ಎಫ್ (ಒಣಕಸ ವಿಂಗಡಿಸುವ) ಘಟಕಕ್ಕೆ ಸುತ್ತಲಿನ ಹಲವು ಗ್ರಾಮ ಪಂಚಾಯಿತಿಗಳ ಒಣಕಸ ಬರುತ್ತದೆ. ಕನ್ವೇಯರ್ ಬೆಲ್ಟ್, ಕಸವನ್ನು ಒತ್ತಿ ಕಟ್ಟು (ಬೇಲ್) ಮಾಡುವ ಬೇಲಿಂಗ್ ಯಂತ್ರಗಳನ್ನು ಒಂದು ಪಂಚಾಯಿತಿ ಕೊಳ್ಳುವುದು ಕಷ್ಟ. ಕೊಂಡರೂ ದಿನವಿಡೀ ಓಡಿಸುವಷ್ಟು ಕಸ ಅಲ್ಲಿ ಸಿಗುವುದಿಲ್ಲ. ಹತ್ತಾರು ಊರಿನ ಪ್ಲಾಸ್ಟಿಕ್ಕು, ರಟ್ಟು ಒಂದೆಡೆ ಸೇರಿ ಬೇಲ್ ಆದಾಗಲೇ ಖರೀದಿದಾರರಿಗೆ ಲಾರಿ ಕಳಿಸಲು ಗಿಟ್ಟುವುದು. ಹಸಿಕಸ ಮಾತ್ರ ಆಯಾ ಊರಲ್ಲೇ ಗೊಬ್ಬರವಾಗಲಿ, ನಮ್ಮ ಮಳೆಗಾಲದಲ್ಲಿ ಅದನ್ನು ದೂರ ಸಾಗಿಸುವುದೆಂದರೆ ಅದರಲ್ಲಿನ ನೀರು ಹೊರಲು ಡೀಸೆಲ್ ಸುಟ್ಟಂತೆ.

ನೀರೂ ಹಾಗೆಯೇ: ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ ಮಂಗಳೂರಿನ ಜತೆಗೆ ಮೂಲ್ಕಿಗೂ ಪೂರೈಕೆಯಿದೆ.

ಆದರೆ ಹಂಚಿಕೊಳ್ಳುವುದೆಂದರೆ ಒಂದೇ ಊರಿನ ತಲೆಗೆ ಹೊರೆ ಕಟ್ಟುವುದಲ್ಲ. 2019ರ ಮಳೆಗಾಲದಲ್ಲಿ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಜರಿದು ಪಕ್ಕದ ಮಂದಾರದ ಮನೆ, ಅಡಿಕೆ ತೋಟಗಳನ್ನು ಮುಚ್ಚಿತು. ಆದ್ದರಿಂದ ಘಟಕ ಇರುವ ಊರಿಗೆ ಪರಿಹಾರವೆಷ್ಟು, ಮೇ ತಿಂಗಳಲ್ಲಿ ನೀರು ಇಳಿದರೆ ಯಾರಿಗೆಷ್ಟು ಎಂಬುದು ಮೊದಲೇ ಒಪ್ಪಂದದಲ್ಲಿರಬೇಕು. ಸಂವಿಧಾನದ 243-ಝಡ್‌ಡಿ ವಿಧಿಯ ಜಿಲ್ಲಾ ಯೋಜನಾ ಸಮಿತಿಗೆ ಪಂಚಾಯಿತಿ, ಪುರಸಭೆಗಳ ನಡುವಿನ ನೀರು ಹಂಚಿಕೆ ನೋಡುವ ಹೊಣೆ ಇದೆ. ಇದನ್ನು ಅಲ್ಲಿಯೇ ಕೇಳುವಂತೆ ನಿಮ್ಮ ಊರಿನ ಸದಸ್ಯರನ್ನು ಒತ್ತಾಯಿಸಿ.