ಬಾಡಿಗೆ ಮನೆಯಲ್ಲಿ 500 ರೂಪಾಯಿಯೊಳಗೆ ತರಕಾರಿ, ಹಣ್ಣು ಬೆಳೆಯಬಹುದಾ? ಎಲ್ಲಿಂದ ಶುರು ಮಾಡಲಿ?

ಬೆಂಗಳೂರಿನಲ್ಲಿ ಬಾಡಿಗೆ ಮನೆ, ಒಂದು ಬಾಲ್ಕನಿ, ತಾರಸಿಯಲ್ಲಿ ಒಂದು ಮೂಲೆ, ಕೈಯಲ್ಲಿ 500 ರೂಪಾಯಿ, ಗಿಡ ಬೆಳೆಸಿ ಅಭ್ಯಾಸ ಇಲ್ಲ ಅಂತ ಬರೆದಿದ್ದೀರಿ. ಖಂಡಿತ ಆಗುತ್ತದೆ. ಆದರೆ ಆ ದುಡ್ಡನ್ನು ಕುಂಡಕ್ಕೆ ಹಾಕಬೇಡಿ. ನರ್ಸರಿಯ ಸಸಿಗೂ ಹಾಕಬೇಡಿ. ಹೆಚ್ಚುಕಮ್ಮಿ ಅಷ್ಟನ್ನೂ ಮಣ್ಣಿಗೆ, ಗೊಬ್ಬರಕ್ಕೆ ಹಾಕಿ. ಮಿಕ್ಕಿದ್ದೆಲ್ಲ ಪುಕ್ಕಟೆ ಅಥವಾ ಪುಕ್ಕಟೆಯ ಲೆಕ್ಕದಲ್ಲೇ ಸಿಗುತ್ತದೆ.

ಮೊದಲ ಬೆಳೆ ಟೊಮೆಟೊ ಬೇಡ. ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. 2023ರ ಜುಲೈನಲ್ಲಿ ಕೆಜಿಗೆ ನೂರು ದಾಟಿದಾಗಂತೂ ಬೆಂಗಳೂರಿನ ಎಷ್ಟೋ ಬಾಲ್ಕನಿಗಳಿಗೆ ಟೊಮೆಟೊ ಬಂತು. ಆದರೆ ಕೋಲಾರ ಪಕ್ಕದಲ್ಲೇ ಇದೆ. ವರ್ಷದಲ್ಲಿ ಜಾಸ್ತಿ ದಿನ ಟೊಮೆಟೊ ನಮಗೆ ಅಗ್ಗ. ಅದಕ್ಕೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಆಧಾರಕ್ಕೆ ಕೋಲು ಬೇಕು, ಸಸಿ ನೆಟ್ಟು ಎರಡು ತಿಂಗಳ ಮೇಲೆ ಕಾಯಬೇಕು. ಅಷ್ಟರಲ್ಲಿ ಎಲೆ ಮುದುಡುವ ರೋಗ ಬಂದರೆ ಹೊಸಬರಿಗೆ ಉತ್ಸಾಹವೇ ಇಳಿದುಹೋಗುತ್ತದೆ.

ಸೊಪ್ಪಿನಿಂದ ಶುರು ಮಾಡಿ. ಮೆಂತ್ಯ 20-25 ದಿನಕ್ಕೆ ಕೈಗೆ ಬರುತ್ತದೆ. ಹರಿವೆ ಒಂದು ತಿಂಗಳು, ಕೊತ್ತಂಬರಿ ಐದಾರು ವಾರ. ಮೂರು ನಾಲ್ಕು ಗಂಟೆ ಬಿಸಿಲು ಸಾಕು. ಆರಿಂಚು ಆಳದ ಮಣ್ಣು ಸಾಕು. ದುಡ್ಡಿನ ಲೆಕ್ಕದಲ್ಲೂ ಇದೇ ಸರಿ. ಒಗ್ಗರಣೆಗೆ ನಾಲ್ಕು ಎಲೆ ಬೇಕಾದಾಗ ನಾವು ಒಂದು ಕಟ್ಟು ತರುತ್ತೇವೆ, ಅರ್ಧ ಫ್ರಿಡ್ಜ್‌ನಲ್ಲಿ ಕೊಳೆಯುತ್ತದೆ. ಉಳಿತಾಯ ಆಗುವುದು ಅಲ್ಲೇ.

ಬೀಜ ಅಡುಗೆಮನೆಯಲ್ಲೇ ಇದೆ. ಡಬ್ಬದ ಮೆಂತ್ಯವನ್ನು ಒಂದು ರಾತ್ರಿ ನೆನೆಸಿ, ಒತ್ತೊತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಕೊತ್ತಂಬರಿ ಬೀಜವನ್ನು ಹಾಗೇ ಹಾಕಬೇಡಿ. ಅದರೊಳಗೆ ಎರಡು ಬೀಜ ಜೋಡಿಯಾಗಿ ಇರುತ್ತವೆ. ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿದರೆ ಇಬ್ಭಾಗ ಆಗುತ್ತದೆ, ಪುಡಿ ಮಾತ್ರ ಆಗಬಾರದು. ಮೊಳಕೆಗೆ ಎರಡು ವಾರವೂ ಹಿಡಿಯಬಹುದು. ಬರಲಿಲ್ಲ ಅಂತ ಕೆದಕಿ ನೋಡಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಕೊತ್ತಂಬರಿ ಎಲೆ ಬಿಡುವ ಬದಲು ಬೇಗ ಹೂವಿಗೆ ಹೋಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಹರಿವೆ ಹಾಕಿ. ಮಾರ್ಕೆಟ್ಟಿನಿಂದ ತಂದ ಪುದೀನ, ಬಸಳೆ ಬಳಸಿದ ಮೇಲೆ ಗಟ್ಟಿ ದಂಟನ್ನು ಮಣ್ಣಿಗೆ ಚುಚ್ಚಿ, ನೆರಳಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ ಚಿಗುರುತ್ತವೆ. ದೊಡ್ಡಪತ್ರೆಗೆ ಒಂದು ಕಡ್ಡಿ ಸಾಕು, ಅಕ್ಕಪಕ್ಕದ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಅಂಗಡಿಯ ಅಲಸಂದೆ ಕಾಳೂ ಚೆನ್ನಾಗಿ ಮೊಳೆಯುತ್ತದೆ.

ಬೆಂಡೆ, ಬದನೆ ಥರದ ತರಕಾರಿಗೆ ಮಾತ್ರ ಬೀಜ ಕೊಳ್ಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜ ಮಾರುತ್ತಾರೆ, ಆನ್‌ಲೈನ್‌ನಲ್ಲೂ ತರಿಸಬಹುದು. ಅವರ ತಳಿಗಳ ಹೆಸರು ‘ಅರ್ಕಾ’ ಅಂತ ಶುರುವಾಗುತ್ತದೆ. ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಸುಗುಣ ಹರಿವೆ ಹೊಸಬರಿಗೆ ಒಳ್ಳೆಯವು. ಸುಗುಣವನ್ನು ಬುಡಸಮೇತ ಕೀಳುವುದು ಬೇಡ, ಕತ್ತರಿಸಿದ ಹಾಗೆ ಮತ್ತೆ ಚಿಗುರುತ್ತದೆ. ಇವು ಹೈಬ್ರಿಡ್ ಅಲ್ಲ, ಆದ್ದರಿಂದ ಒಂದೆರಡು ಕಾಯಿಯನ್ನು ಗಿಡದಲ್ಲೇ ಒಣಗಲು ಬಿಟ್ಟರೆ ಮುಂದಿನ ಸಲಕ್ಕೆ ಬೀಜ ಕೊಳ್ಳಬೇಕಾಗಿಲ್ಲ. ಹೈಬ್ರಿಡ್ ಪ್ಯಾಕೆಟ್‌ಗಳಲ್ಲಿ ಈ ಲಾಭ ಇಲ್ಲ. ಬೀಜ ಎತ್ತಿಟ್ಟು ಹಾಕಿದರೆ ತಾಯಿಗಿಡದ ಹಾಗೇ ಬರುತ್ತದೆ ಅನ್ನುವ ಭರವಸೆ ಇರುವುದಿಲ್ಲ.

ಈಗ ಮಣ್ಣು. ಕೆಂಪು ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು. ಪ್ರತಿ ಬಕೆಟ್‌ಗೆ ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯನ್ನು ಕೋಕೊಪೀಟ್ ಅಂತ ಕೇಳಿ, ಇಟ್ಟಿಗೆಯ ಆಕಾರದಲ್ಲಿ ಒತ್ತಿ ಮಾರುತ್ತಾರೆ. 5 ಕೆಜಿಯದ್ದು ನೀರು ಕುಡಿದು ಉಬ್ಬಿದರೆ 60 ಲೀಟರ್ ಮೇಲಾಗುತ್ತದೆ. ಅಗ್ಗದ್ದರಲ್ಲಿ ಉಪ್ಪಿನಂಶ ಇರುವುದುಂಟು, ಒಮ್ಮೆ ನೆನೆಸಿ ಹಿಂಡಿ ಆ ನೀರು ಚೆಲ್ಲಿ. ಪಕ್ಕದ ರಸ್ತೆಯಲ್ಲಿ ಮನೆ ಕಟ್ಟಲು ಪಾಯ ತೋಡುತ್ತಿದ್ದರೆ ಎರಡು ಚೀಲ ಮಣ್ಣು ಕೇಳಿ, ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಸಿಮೆಂಟು, ಜಲ್ಲಿ ಬೆರೆತಿರಬಾರದು ಅಷ್ಟೇ. ಆ ಮಣ್ಣಿನಲ್ಲಿ ಸತ್ವ ಕಡಿಮೆ, ಅದನ್ನು ತುಂಬಿಕೊಡುವುದು ಗೊಬ್ಬರ. ಹಸಿ ಸಗಣಿ ಮಾತ್ರ ಹಾಕಬೇಡಿ, ಕಾವಿಗೆ ಬೇರು ಸುಟ್ಟುಹೋಗುತ್ತದೆ. ನಮ್ಮ ಕಡೆಯ ಬೆಲೆಯಲ್ಲಿ ಕೋಕೊಪೀಟ್‌ಗೆ ಸುಮಾರು 200, ಗೊಬ್ಬರಕ್ಕೆ 200, ಹಿಂಡಿಗೆ 50, ಬೀಜಕ್ಕೆ 50. ಅಂಗಡಿಯಿಂದ ಅಂಗಡಿಗೆ ಹೆಚ್ಚುಕಮ್ಮಿ ಇರುತ್ತದೆ.

ಕುಂಡದ ಬದಲಿಗೆ 20 ಲೀಟರ್ ಪೇಂಟ್ ಬಕೆಟ್ ಹುಡುಕಿ. ಪೇಂಟರ್‌ಗಳ ಹತ್ತಿರ, ಗುಜರಿ ಅಂಗಡಿಯಲ್ಲಿ ಸಿಗುತ್ತದೆ. ಚೆನ್ನಾಗಿ ತೊಳೆದು, ಕಾಯಿಸಿದ ಮೊಳೆಯಿಂದ ತಳದಲ್ಲಿ ಐದಾರು ತೂತು ಮಾಡಿ. ತೂತಿಲ್ಲದೆ ಸಾಯುವ ಗಿಡಗಳೇ ಜಾಸ್ತಿ. ಒಂದು ಬಕೆಟ್‌ಗೆ ಒಂದೇ ಬದನೆ, ಒಂದೇ ಮೆಣಸಿನ ಗಿಡ. ಸೊಪ್ಪಿಗೆ ಒಡೆದ ಟಬ್ಬು, ಹಣ್ಣಿನ ಅಂಗಡಿಯ ಥರ್ಮೋಕೋಲ್ ಪೆಟ್ಟಿಗೆ ಆಗುತ್ತದೆ. ಪ್ಲಾಸ್ಟಿಕ್ ಅಕ್ಕಿ ಚೀಲದಲ್ಲೂ ಬೆಳೆಯಬಹುದು ಅಂತ ಹೇಳುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಬಿಸಿಲಿಗೆ ಕೆಲವೇ ತಿಂಗಳಲ್ಲಿ ಎಳೆ ಎಳೆಯಾಗಿ ಉದುರಿ ಮಣ್ಣಿನ ತುಂಬಾ ಪ್ಲಾಸ್ಟಿಕ್ ಆಗುತ್ತದೆ. ಇನ್ನೊಂದು ಮಾತು, ಒದ್ದೆ ಮಣ್ಣು ತುಂಬಿದ 20 ಲೀಟರ್ ಬಕೆಟ್ 25-30 ಕೆಜಿ ತೂಗಬಹುದು. ತಾರಸಿಯ ಮಧ್ಯದಲ್ಲಿ ಗುಂಪು ಹಾಕಬೇಡಿ. ಗೋಡೆಯ ಪಕ್ಕ, ಇಟ್ಟಿಗೆಯ ಮೇಲೆ ಇಡಿ. ಕೆಳಗೆ ನೀರು ನಿಂತು ಸೋರಿದರೆ ಓನರ್ ಮೊದಲು ಬೈಯುವುದು ನಿಮ್ಮನ್ನೇ. ಶುರು ಮಾಡುವ ಮುಂಚೆ ಅವರ ಹತ್ತಿರ ಒಂದು ಮಾತು ಕೇಳಿಬಿಡಿ. ಮೊದಲ ಕಟ್ಟು ಮೆಂತ್ಯ ಅವರಿಗೇ ಕೊಟ್ಟರೆ ಮುಂದಿನದ್ದು ಸಲೀಸು!

ನೀರಿನ ವಿಷಯ ಬೆಂಗಳೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶವನ್ನೇ ಹೊರಡಿಸಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್‌ನಲ್ಲಿ ಹಿಡಿದಿಡಿ. ಹತ್ತು ಕುಂಡದ ಬಹುಪಾಲು ಅದರಲ್ಲೇ ಮುಗಿಯುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ದಿನಾ ಬೇಡ, ಅದರಲ್ಲಿ ಉಪ್ಪು ಜಾಸ್ತಿ, ಕ್ರಮೇಣ ಮಣ್ಣು ಹಾಳಾಗುತ್ತದೆ. ಮಣ್ಣಿನ ಮೇಲೆ ಒಣ ಎಲೆ ಮುಚ್ಚಿದರೆ ತೇವ ಬೇಗ ಆರುವುದಿಲ್ಲ. ಬೆರಳು ಒಂದಿಂಚು ಒಳಗೆ ಹಾಕಿ ನೋಡಿ, ಒಣಗಿದ್ದರೆ ಮಾತ್ರ ನೀರು. ಹೊಸಬರ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಜಾಸ್ತಿಯಾಗಿ ಸಾಯುವುದೇ ಹೆಚ್ಚು.

ಫೆಬ್ರವರಿ, ಮಾರ್ಚ್‌ನಲ್ಲಿ ರಸ್ತೆಬದಿಯಲ್ಲಿ ಒಣ ಎಲೆ ರಾಶಿ ಬಿದ್ದಿರುತ್ತದೆ. ಎರಡು ಮೂಟೆ ತಂದಿಟ್ಟುಕೊಳ್ಳಿ. ತೂತು ಮಾಡಿದ ಹಳೆ ಡ್ರಮ್ಮಿನಲ್ಲಿ ಒಂದು ಪದರ ತರಕಾರಿ ಸಿಪ್ಪೆ, ಅದರ ಮೇಲೆ ದಪ್ಪಗೆ ಒಣ ಎಲೆ, ಮೇಲೆ ಸ್ವಲ್ಪ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ತಿರುವಿ ಹಾಕಿ. ವಾಸನೆ ಬಂದರೆ ಎಲೆ ಸಾಲದು ಅಂತ ಅರ್ಥ. ಎರಡು ತಿಂಗಳು ಚಿಲ್ಲರೆಗೆ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ. ಬೇಯಿಸಿದ ಅನ್ನ, ಸಾರು ಹಾಕಬೇಡಿ, ಇಲಿ ಬರುತ್ತದೆ. ಆಮೇಲೆ ಗೊಬ್ಬರದ ಖರ್ಚು ಬಹುಪಾಲು ತಪ್ಪುತ್ತದೆ.

ಎರಡನೇ ಹಂತಕ್ಕೆ ಬಳ್ಳಿಗಳು. ಹೀರೆ, ಸೋರೆ, ಹಾಗಲಕ್ಕೆ ದೊಡ್ಡ ಡ್ರಮ್ಮು, ಮೇಲೆ ಹಗ್ಗದ ಚಪ್ಪರ ಬೇಕು. ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ‘ಹೂವು ತುಂಬಾ ಬಿಡುತ್ತೆ, ಕಾಯಿ ಯಾಕೆ ಕಚ್ಚಲ್ಲ?’ ಈ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರ ಕಾಣುತ್ತದೆ. ಮೂರನೇ ಮಹಡಿಗೆ ಜೇನು ಬರದಿದ್ದರೆ ಆ ಕೆಲಸ ನೀವೇ ಮಾಡಬೇಕು. ಗಂಡು ಹೂವು ಕಿತ್ತು, ಎಸಳು ತೆಗೆದು, ಅದರ ಪುಡಿಯನ್ನು ಹೆಣ್ಣು ಹೂವಿನ ನಡುವೆ ಸವರಿ. ಹೊತ್ತು ಗೊತ್ತಿರಬೇಕು. ಹಾಗಲ, ಕುಂಬಳ, ಸೌತೆ ಬೆಳಿಗ್ಗೆ ಅರಳುತ್ತವೆ. ಹೀರೆ, ಸೋರೆ ಸಂಜೆ ಅರಳುತ್ತವೆ. ಆಫೀಸಿಗೆ ಹೋಗುವವರಿಗೆ ಹೀರೆಯೇ ಅನುಕೂಲ!

ಅವರೆ ಬೇಕು ಅನ್ನಿಸಿದರೆ ಜುಲೈ, ಆಗಸ್ಟ್‌ನಲ್ಲಿ ಹಾಕಿ. ನಾಟಿ ಅವರೆ ಹಗಲು ಕಿರಿದಾದಾಗಲೇ ಹೂ ಬಿಡುವುದು. ಜನವರಿಯಲ್ಲಿ ಹಾಕಿದರೆ ಬಳ್ಳಿ ಹಬ್ಬುತ್ತದೆ, ಕಾಯಿಗೆ ಚಳಿಗಾಲದವರೆಗೆ ಕಾಯಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡು ಇಲ್ಲ, ಗಿಡವೂ ಗಿಡ್ಡ, ಬಕೆಟ್‌ಗೆ ಹೊಂದುತ್ತದೆ. ಸೊಗಡು ನಾಟಿಯದ್ದೇ ಚೆಂದ, ಅದು ನನ್ನ ಅಭಿಪ್ರಾಯ.

ಹಣ್ಣಿಗೆ ಸ್ವಲ್ಪ ತಾಳ್ಮೆ ಬೇಕು. ಮಾವು, ಹಲಸು, ಸಪೋಟ ಮರೆತುಬಿಡಿ, ಬಾಡಿಗೆ ಮನೆಗೆ ಅಲ್ಲ. ಅತಿ ಅಗ್ಗದ್ದು ಹಿಪ್ಪುನೇರಳೆ. ರಾಮನಗರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ರೇಷ್ಮೆ ಮಾಡುವ ಪರಿಚಯದವರಿದ್ದರೆ ಹಣ್ಣು ಬಿಡುವ ಗಿಡದ ಪೆನ್ಸಿಲ್ ದಪ್ಪದ ಎರಡು ಕಡ್ಡಿ ತರಿಸಿ. ಚುಚ್ಚಿದರೆ ಬೇರು ಬಿಡುತ್ತದೆ. ಗಿಡ ಕೂತ ಮೇಲೆ ಎಲೆ ಸವರಿ, ತುದಿ ಕತ್ತರಿಸಿದರೆ ಹೊಸ ಚಿಗುರಿನ ಜೊತೆಗೇ ಹಣ್ಣು. ಅಂಜೂರವೂ ಹೀಗೇ ಕಡ್ಡಿಯಿಂದ ಬರುತ್ತದೆ. ನಿಂಬೆ, ಸೀಬೆಗೆ ಬೀಜದ ಗಿಡ ಬೇಡ, ವರ್ಷಗಟ್ಟಲೆ ಕಾಯಿಸುತ್ತದೆ. ಕಸಿ ಗಿಡವನ್ನೇ ತನ್ನಿ, ದುಡ್ಡು ಕೂಡಿದಾಗ. ಪಪ್ಪಾಯಿಗೆ ತಿಂದ ಹಣ್ಣಿನ ಬೀಜ ಹಾಕಿದರೆ ಗಂಡು ಗಿಡ ಬಂದು ಬರೀ ಹೂವು ನೋಡಬೇಕಾಗಬಹುದು. ಅರ್ಕಾ ಪ್ರಭಾತ್, ಅರ್ಕಾ ಸೂರ್ಯ ತಳಿಗಳಲ್ಲಿ ಬರೀ ಗಂಡು ಗಿಡದ ತೊಂದರೆ ಇಲ್ಲ. ಆದರೆ ದೊಡ್ಡ ಡ್ರಮ್ಮು, ಪೂರ್ತಿ ಬಿಸಿಲು ಬೇಕು. ಗಾಳಿಗೆ ಬೀಳದ ಜಾಗ ಇರಬೇಕು.

ಹುಳಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ. ಸಂಜೆ ಸಿಂಪಡಿಸಿ, ಎಲೆಯ ಅಡಿಗೂ ಬೀಳಬೇಕು. ಬೆಂಡೆ, ದಾಸವಾಳದ ಮೇಲೆ ಬಿಳಿ ಹತ್ತಿಯಂತೆ ಕೂರುವ ಹಿಟ್ಟು ತಿಗಣೆಗೆ ಮೊದಲು ಜೋರಾಗಿ ನೀರು ಹೊಡೆದು ಉದುರಿಸಿ. ಮೊಳಕೆ ಕೀಳುವ ಪಾರಿವಾಳಕ್ಕೆ ಈರುಳ್ಳಿಯ ಬಲೆಚೀಲ ಹೊದಿಸಿದರೆ ಸಾಕು.

ಮನೆ ಬದಲಾಯಿಸಬೇಕಾಗಿ ಬಂದರೆ ಗಿಡ ಬಿಟ್ಟುಹೋಗಬೇಡಿ. ಸಾಗಿಸುವ ಎರಡು ದಿನ ಮೊದಲು ನೀರು ನಿಲ್ಲಿಸಿ, ಭಾರ ಎಷ್ಟೋ ಇಳಿಯುತ್ತದೆ. ಬಳ್ಳಿಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ. ಹೊಸ ಮನೆಯಲ್ಲಿ ಮೊದಲ ವಾರ ನೆರಳಿನಲ್ಲಿಡಿ, ಆಮೇಲೆ ಬಿಸಿಲಿಗೆ ಸರಿಸಿ. ಗಿಡ ಒಯ್ಯಲು ಆಗದಿದ್ದರೂ ಮಣ್ಣನ್ನಂತೂ ಚೀಲಕ್ಕೆ ತುಂಬಿ ತೆಗೆದುಕೊಂಡು ಹೋಗಿ. ನಿಮ್ಮ 500 ರೂಪಾಯಿ ಇರುವುದು ಅದರಲ್ಲೇ.