ಹದಿಮೂರರ ಹುಡುಗನ ಸೋಲು: ದೇಹವೋ, ಮನಸ್ಸೋ?

ನಮಸ್ಕಾರ. 13 ವರ್ಷದ ಮಗ ಟೆನಿಸ್‌ನಲ್ಲಿ ಮೊದಲ ಸೆಟ್ ಗೆದ್ದೂ ಪಂದ್ಯ ಸೋಲುತ್ತಾನೆ, ಎದುರಾಳಿಗಳೆಲ್ಲ ಅವನಿಗಿಂತ ಗೇಣುದ್ದ ಎತ್ತರ, ಕೊರತೆ ದೇಹದ್ದೋ ಮನಸ್ಸಿನದ್ದೋ ಎಂದು ಕೇಳಿದ್ದೀರಿ.

ಗಂಡುಮಕ್ಕಳು ಸರಸರನೆ ಎತ್ತರವಾಗುವ ಘಟ್ಟ ಸಾಮಾನ್ಯವಾಗಿ 13–14ರಲ್ಲಿ ಬರುತ್ತದೆ. ಕೆಲವರಿಗೆ ಬೇಗ, ಕೆಲವರಿಗೆ ತಡ. 14ರೊಳಗಿನವರ ವಿಭಾಗದಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ. ಆ ಎತ್ತರದ ಹುಡುಗರ ಸರ್ವ್‌ನ (ಪಾಯಿಂಟ್ ಶುರುಮಾಡುವ ಹೊಡೆತದ) ವೇಗದಲ್ಲಿ ಬೆಳವಣಿಗೆಯ ಪಾಲು ದೊಡ್ಡದು. ಅದಕ್ಕೆ ಪೈಪೋಟಿಯಾಗಿ ಮಗನಿಂದ ದಿನವೂ ಜೋರಾಗಿ ಸರ್ವ್ ಮಾಡಿಸಬೇಡಿ. ಬೆಳೆಯುವ ಮೂಳೆಗೆ ಅತಿಯಾದ ಹೊರೆ ಬಿದ್ದರೆ ಭುಜ, ಸೊಂಟ, ಮಂಡಿ ನೋಯತೊಡಗುತ್ತವೆ. ಈಗ ಕಾಲ್ಚಳಕ, ಸಮತೋಲನ, ರಿಟರ್ನ್ (ಸರ್ವ್‌ಗೆ ಕೊಡುವ ಮರುಹೊಡೆತ) ಗಟ್ಟಿಯಾಗಲಿ.

ಗೆದ್ದ ಸೆಟ್‌ನ ನಂತರ ಕುಸಿಯುವುದಕ್ಕೆ ದಣಿವೂ ಕಾರಣವಿರಬಹುದು. ನೀರು, ತಿಂಡಿಯ ಕಡೆ ಗಮನವಿರಲಿ. ಮನಸ್ಸನ್ನು ಅಳೆಯಬೇಕಾದರೆ ಪಾಯಿಂಟ್‌ಗಳ ನಡುವಿನ ಬಿಡುವನ್ನು ನೋಡಿ. ನಿಯಮದಂತೆ ಅದು ಗರಿಷ್ಠ 25 ಸೆಕೆಂಡ್. ಚೆಂಡು ನೆಟ್‌ಗೆ ಬಡಿದ ಕೂಡಲೇ ಅವನ ಕಣ್ಣು ನಿಮ್ಮತ್ತ ಹೊರಳುತ್ತದೆಯೇ? ಹಾಗಿದ್ದರೆ ಅವನು ಎದುರಾಳಿಯ ಜೊತೆ ನಿಮ್ಮ ಮುಖಭಾವದೊಂದಿಗೂ ಆಡುತ್ತಿದ್ದಾನೆ. ಬೆನ್ನು ತಿರುಗಿಸಿ, ರಾಕೆಟ್‌ನ ತಂತಿ ಸರಿಪಡಿಸಿ, ದೀರ್ಘವಾಗಿ ಉಸಿರು ಬಿಟ್ಟು, ಸರ್ವ್ ಎಲ್ಲಿಗೆಂದು ನಿಶ್ಚಯಿಸಿದ ಮೇಲೆಯೇ ಗೆರೆಗೆ ಬರುವುದನ್ನು ಅಭ್ಯಾಸದಲ್ಲೇ ರೂಢಿಸಬೇಕು. 1998ರಲ್ಲಿ ವಿಂಬಲ್ಡನ್ ಜೂನಿಯರ್ ಪ್ರಶಸ್ತಿ ಗೆದ್ದ ಸ್ವಿಸ್ ಆಟಗಾರ ರೋಜರ್ ಫೆಡರರ್ ಕೂಡ ಹದಿಹರೆಯದಲ್ಲಿ ರಾಕೆಟ್ ಎಸೆಯುವಷ್ಟು ಮುಂಗೋಪಿ. ಅಂಗಳದಲ್ಲಿ ಶಾಂತವಾಗಿರುವುದನ್ನು ಅವರು ಆಮೇಲೆ ಕಲಿತರು.

ಅವಸರ ಬೇಡ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಡಬಲ್ಸ್‌ನಲ್ಲಿ ವಿಶ್ವದ ನಂ. 1 ಆದದ್ದು 2024ರಲ್ಲಿ, 43ನೇ ವಯಸ್ಸಿನಲ್ಲಿ.

ಮುಂದಿನ ಪಂದ್ಯ ಮುಗಿಸಿ ಮನೆಗೆ ಮರಳುವಾಗ ಸ್ಕೋರಿನ ಮಾತು ಎತ್ತಬೇಡಿ. ಅವನೇ ಶುರುಮಾಡಲಿ.